ಹೊಸಾ ಸಿಗಡಿ

ಉಣಕಲ್ ಕೆರಿ ದಂಡ್ಯಾಗ ಹುಸೇನಬಿ
ಹೊಸಾ ಸಿಗಡಿ ಇಟ್ಟಾಳ.
ಬೆಳ್ಳಿ ಬಣ್ಣ, ಮಾರಿ ಕಾಣೂವಂಥಾ ಹೊಳಪು.

ಮೊದಲ್ನೇ ಕೆಂಡಕ್ಕ ಗುಳ್ಳಿ ಎದ್ದವು,
ಆಮ್ಯಾಲೆ ಸಿಪ್ಪಿ ಸಿಪ್ಪಿ ಬಿಚ್ಚಿ ಹಾರಿ
ತೆನಿ ಮ್ಯಾಲೆ ಕುಂತವು.
ನಾಕು ತೆನಿ ಲುಕ್ಸಾನ.

ಫೋನ್ ಹಚ್ಚಿದ್ರ ತಾರಿಹಾಳದ ವೆಲ್ಡರ್ ಅಂದ:
"ಅದು ಮಾರೂತನಾ ಇರೂ ಬಣ್ಣ ಬೇ,
ಖಾಲಿ ಉರಿ ಹಚ್ಚಿ ಸುಟ್ಟುಬಿಡು."

ಇಡೀ ಸಂಜಿ ತೆನಿ ಇಲ್ದ ಬೀಸಣಿಕಿ ಬೀಸಿದ್ಲು,
ಬಂದ ಗಿರಾಕಿನ್ನ ಹೊಳ್ಳಿ ಕಳಿಸಿದ್ಲು,
ಮುರಕ ಕುರ್ಪಿಲೆ ಹೆರದ್ಲು.
ಬೆಳ್ಳಿ ಹೋತು. ಕೆಳಗ ಹಸರು.
ಹಸರಿನ್ಯಾಗ ತಲಿ ಕೆಳಗಾದ ಅಕ್ಷರ:
'ಖಾರ ಕುಟ್ಟಿ ಕೊಡಲಾಗು'
ಮುಂದಿಂದು ಕಟರ್ ತಿಂದಿತ್ತು.

ಯಾವ ಗಿರಣಿ ಬೋರ್ಡೋ!
ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕು
ಲಿಂಬಿ ಹೋಳು ಖಾರದಾಗ ಅದ್ದಿ
ನನ್ನ ತೆನಿಗೆ ತಿಕ್ಕಿದ್ಲು:
"ತಗೋರಿ,
ಇನ್ನ ಉದರೂದು ಏನೂ ಉಳದಿಲ್ಲ."