ಎರಡು ಟೋಪಿ

ನನ್ನ ವ್ಯಾನಿನಲ್ಲಿ ಎರಡು ಟೋಪಿ:
ಒಂದು ಕೆಂಪು, ಒಂದು ನೀಲಿ.
ಬೆಳಿಗ್ಗೆ ಕೆಂಪು ಕಂಪನಿಯ ಡಿಶ್ ಕೂರಿಸುತ್ತೇನೆ,
ಮಧ್ಯಾಹ್ನ ನೀಲಿಯವರದು.
ಏಣಿ ಒಂದೇ, ಸ್ಪ್ಯಾನರ್ ಒಂದೇ,
ಬೆರಳು ಸೆಟೆಸುವ ಚಳಿಯೂ ಒಂದೇ.

ಉತ್ತರ ಡಕೋಟಾದ ಈ ಬಯಲಲ್ಲಿ
ಮನೆಯಿಂದ ಮನೆಗೆ ಹನ್ನೊಂದು ಮೈಲಿ.
ಕೇಬಲ್ಲಿನವರು ಊರಂಚಿನ ಗೋಧಿ ಕಣಜದ ತನಕ ಬಂದು
ಹಣೆಗೆ ಕೈ ಅಡ್ಡ ಹಿಡಿದು ನೋಡಿ
ವಾಪಸು ಹೋದರು.
ಈಗ ಇಲ್ಲಿಯ ತಟ್ಟೆಗಳೆಲ್ಲ
ದಕ್ಷಿಣದ ಆಕಾಶಕ್ಕೆ ಮುಖ ಮಾಡಿ
ಪಂಕ್ತಿಗೆ ಕೂತಂತಿವೆ.
ಬಡಿಸುವವರು ಇಬ್ಬರೇ.

ಥೋರಾ ಗುಲ್ಲಿಕ್ಸನ್, ಎಪ್ಪತ್ತೆಂಟು,
ಪ್ರತಿ ನವೆಂಬರಿನಲ್ಲೊಂದು ದಿನ ಕಾಫಿ ಬಗ್ಗಿಸಿಕೊಂಡು
ಕೆಂಪಿನವರಿಗೆ ಫೋನು ಹಚ್ಚುತ್ತಾಳೆ:
"ಬಿಡ್ತೀನಿ ನಿಮ್ಮನ್ನ. ನೀಲಿಯವರು
ಹದಿನೈದು ಡಾಲರ್ ಕಮ್ಮಿ ಅಂತಿದಾರೆ."
ಆ ಕಡೆ ಸಂಗೀತ.
ಈ ಕಡೆ ಸ್ವೆಟರಿನ ತೋಳು ನಾಲ್ಕು ಸಾಲು ಬೆಳೆಯುತ್ತದೆ.
ಕಡೆಗೊಂದು ದನಿ ಬೆಣ್ಣೆಯಾಗಿ,
"ಹನ್ನೆರಡು ಇಳಿಸಿದರೆ ಉಳೀತೀರಾ, ಮೇಡಂ?"
ಉಳಿಯುತ್ತಾಳೆ.
ನೀಲಿಯವರು ಆಕೆಗೆ ಏನೂ ಅಂದಿರುವುದಿಲ್ಲ.
ಅವರು ಇದ್ದಾರೆ, ಅಷ್ಟೆ.
ಆ ಇರುವಿಕೆಯ ಬೆಲೆಯೇ
ತಿಂಗಳಿಗೆ ಹನ್ನೆರಡು ಡಾಲರ್.

ಇಬ್ಬರ ಜಗಳ ಮೂರನೆಯವಳಿಗೆ ಲಾಭ.
ಈಗ ಇಬ್ಬರೂ ಮದುವೆಯಾಗುತ್ತಾರಂತೆ.

ಸಮುದಾಯ ಭವನದಲ್ಲಿ ಸಭೆ.
ಹಿಮ ಕರಗಿ ಕೆಸರಾದ ನೆಲದ ಮೇಲೆ
ತುದಿಗಾಲಲ್ಲಿ ನಡೆದು ಬಂದ ವಕೀಲ ಹೇಳಿದ:
"ಒಂದೇ ಆಟವನ್ನು ಎರಡು ಉಪಗ್ರಹ
ಹೊತ್ತು ತಿರುಗುವುದು ದಂಡ ನೋಡಿ.
ಒಂದಾದರೆ ಮೇಲೆ ಜಾಗ ಉಳಿಯುತ್ತದೆ,
ನಿಮ್ಮ ಮೈನಾಟ್ ಸ್ಟೇಷನ್ನೂ ಬರುತ್ತದೆ."

ಸುಳ್ಳಲ್ಲ ಅದು.
ಹೋದ ಏಪ್ರಿಲ್ ಹಿಮಗಾಳಿ ಎದ್ದ ಸಂಜೆ
ಲೈಫ್ ಓಸ್ಟ್‌ಬಿಯ ಟೀವಿಯಲ್ಲಿ
ಡೆನ್ವರಿನ ಬಿಸಿಲು.
ಬೆಳಗಾಗುವಾಗ ನಲವತ್ತೊಂದು ಕರು
ಬೇಲಿಯ ಬುಡದಲ್ಲಿ ಬಿಳಿ ದಿಬ್ಬ.
ಲೈಫ್ ತಲೆ ಆಡಿಸಿದ್ದನ್ನು ನಾನು ನೋಡಿದೆ.
ತಪ್ಪೆನ್ನಲಾರೆ.

ಥೋರಾ ಎದ್ದಳು. ಕುರ್ಚಿ ಕಿರ್ ಅಂದಿತು.
"ಮುಂದಿನ ನವೆಂಬರಿಗೆ
ಯಾರ ಹೆಸರು ಹೇಳಿ ಹೆದರಿಸಲಿ ನಿಮ್ಮನ್ನ?"
ಸಭೆ ನಕ್ಕಿತು. ವಕೀಲನೂ ನಕ್ಕ.
"ದೇಶಕ್ಕೆಲ್ಲ ಒಂದೇ ದರ ಇರುತ್ತೆ, ಅಮ್ಮ.
ಮಹಾನಗರದವರಿಗೂ ನಿಮಗೂ."
"ಸರಿ. ಅದನ್ನ ಯಾರು ಬರೆಯೋದು?"
ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಹಾಕಿದ.

ನನ್ನ ಚೀಟಿ ಇನ್ನೂ ಖಾಲಿ, ಜೇಬಿನಲ್ಲಿದೆ.
ಹೌದು ಎಂದರೆ ಥೋರಾ, ಇಲ್ಲ ಎಂದರೆ ಕರು.
ಒಂದೇ ಟೋಪಿಯ ಕಂಪನಿಗೆ
ನನ್ನಂಥ ಎಷ್ಟು ತಲೆ ಬೇಕೋ,
ಅದನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಶನಿವಾರ ಥೋರಾ ಕರೆದಳು:
"ನಿನ್ನ ಗುಜರಿಯಲ್ಲಿ ಹಳೆಯ ನೀಲಿ ತಟ್ಟೆ ಇದ್ದರೆ
ನನ್ನ ಕೆಂಪಿನ ಪಕ್ಕ ಕೂರಿಸು.
ತಂತಿ ಬೇಡ."
ತಂತಿ ಇಲ್ಲದಿದ್ದರೆ ಏನು ಬರುತ್ತೆ, ಏನೂ ಬರಲ್ಲ,
ನಾಳೆ ಎರಡೂ ಒಬ್ಬರದೇ ಆದರೆ
ಇದನ್ನು ನೋಡಿ ಹೆದರುವವರು ಯಾರು, ಎಂದೆ.
"ಅವರು ನೋಡಲಿ ಅಂತಲ್ಲ ಕಣೋ.
ಫೋನು ಹಿಡಿದಾಗ ಕಿಟಕಿಯಿಂದ
ನನಗೆ ಕಾಣ್ತಿರಬೇಕು."

ಬಿಲ್ಲು ಬರೆಯಲಿಲ್ಲ.
ಟೋಪಿಗಳೆರಡನ್ನೂ ವ್ಯಾನಿನಲ್ಲೇ ಬಿಟ್ಟು,
ಮೈನಸ್ ಒಂಬತ್ತರ ಗಾಳಿಯಲ್ಲಿ
ಬರಿತಲೆಯಲ್ಲಿ ಏಣಿ ಹತ್ತಿದೆ.
ಎಷ್ಟೋ ವರ್ಷದ ಮೇಲೆ
ಯಾರಿಗೂ ಟೋಪಿ ಹಾಕದ ಒಂದು ಕೆಲಸ.