ಹಣ ಬಳಕೆ ಪ್ರಮಾಣಪತ್ರ

ಅರ್ಜಿಯ ನಾಲ್ಕನೇ ಕಲಮಿನಾಗ ಕೇಳಿದ್ರು:
ಪರಂಪರೆ ಯಾವ ಧರ್ಮದ್ದು? ಒಂದಕ್ಕ ಮಾತ್ರ ಗುರುತು ಹಾಕಿರಿ.
ಲಾಡ್ಲೇಸಾಬ ಪೆನ್ನು ಕೆಳಗಿಟ್ಟ.
ಕಲಶೆಟ್ಟಿ ಗುರುಪಾದಪ್ಪ ಎತ್ತಿಕೊಂಡ, ಅವನೂ ಕೆಳಗಿಟ್ಟ.
ಮೊಹರಂ ಪದ ಹಾಡೋ ಮೇಳ,
ಮುಂದಿನ ದನಿ ವಿಭೂತಿ ಹಚ್ಚಾಂವಂದು,
ಹಿಂದಿನ ದನಿ ಐದು ಹೊತ್ತು ನಮಾಜಿನವಂದು,
ಪದ ಕನ್ನಡದ್ದು, ಬರೆದ ಅಕ್ಷರ ಮರಾಠಿದ್ದು,
ಯಾಕಂದ್ರ ಬರೆದಾಂವ ಕಲಿತ ಸಾಲಿ ಮರಾಠಿದು.
ನಾನು ಚಹಾದ ಕಪ್ಪು ಆ ಕಲಮಿನ ಮ್ಯಾಲಿಟ್ಟೆ.
ಉಂಗುರದಂಥ ಕಲೆ ಬಿತ್ತು, ಎಲ್ಲಾ ಚೌಕಕ್ಕೂ ತಾಗಿ.
ಹಂಗ ಕಳಿಸಿದ್ವಿ.

ಮೈಂದರ್ಗಿ ಬಸ್‌ಸ್ಟ್ಯಾಂಡಿನ ಎದುರು ನನ್ನ ಝೆರಾಕ್ಸ್ ಅಂಗಡಿ.
ಹೊಲದ ಉತಾರಿ, ಜಾತಿ ದಾಖಲೆ, ಸತ್ತವರ ಆಧಾರ ಕಾರ್ಡು.
ಇಡೀ ಊರು ನನ್ನ ಗಾಜಿನ ಮ್ಯಾಲ
ಬೋರಲ ಮಲಗಿ ಎದ್ದೈತಿ.

ಬೇಡಿದ್ದು ಅರವತ್ತು ಸಾವಿರ:
ಎಂಟು ಹಲಗಿ, ಹದಿನಾರು ಜೋಡಿ ಗೆಜ್ಜಿ,
ಮೂರು ತಿಂಗಳ ಸಂಜಿಯ ಚಹಾ,
ಕಲಿಯೋ ಹುಡುಗರಿಗೆ ಚುನಮುರಿ.
ಬಂದದ್ದು ಹತ್ತೊಂಬತ್ತು ಸಾವಿರದ ಎರಡುನೂರು.
ಬಂದ ದಿನ ಮಾರ್ಚ್ ಇಪ್ಪತ್ತು.
ಮೂವತ್ತೊಂದರೊಳಗ ಖರ್ಚು ಹಾಕಿ,
ಜಿಎಸ್‌ಟಿ ಬಿಲ್ಲು ಹಚ್ಚಿ, ಫೋಟೊ ಸಮೇತ ಸೊಲ್ಲಾಪುರಕ್ಕ.
ಪರಂಪರೆಗೆ ಹನ್ನೊಂದು ದಿನ.

ಹಲಗಿ ಕಟ್ಟೋ ಭೀಮಶಾ ಬಿಲ್ಲು ಅಂದ್ರ ನಕ್ಕ.
“ನಮ್ಮಜ್ಜ ತೊಗಲಿಗೆ ಬೆಂಕಿ ತೋರಿಸಿ
ಬಡಿದು ಕೇಳಿಸಿ ಕೊಡತಿದ್ದ.
ದನಿ ಬಂತಂದ್ರ ಅದ ಪಾವತಿ.”
ಆದರೂ ಎಂಟು ಹಲಗಿ ಕಟ್ಟಿದ, ಹೆಬ್ಬಟ್ಟು ಒತ್ತಿ ಚೀಟಿ ಕೊಟ್ಟ.
ಸಾಹೇಬರು ಚೀಟಿ ಬೆಳಕಿಗೆ ಹಿಡಿದು ನೋಡಿದ್ರು,
ಹರಕು ನೋಟು ನೋಡಿದಂಗ.
“ಬಾಯೀ, ಇದು ನಡಿಯೋದಿಲ್ಲ.”
ಗೆಜ್ಜಿ ಮಾರೋ ಪೇಟಿಯವ ಬಿಲ್ಲು ಕೊಡತೀನಂದ,
ಆದ್ರ ಸ್ಟೀಲಿನ ಭಾಂಡೆ ಅಂತ ಬರೀತೀನಂದ.
ಚಹಾಕ್ಕ ಲೆಕ್ಕದ ಶೀರ್ಷಿಕೆ ಇಲ್ಲ.
ಕುಂತು ಕಲಿಯೋದಕ್ಕ ಇಲ್ಲ.
ಹಾಡಿ ಹಾಡಿ ಗಂಟಲು ಬಿದ್ದ ರಾತ್ರಿಯ
ಬಿಸಿನೀರು, ಉಪ್ಪು,
ಇಲ್ಲ.

ಇಪ್ಪತ್ತೊಂಬತ್ತರ ಸಂಜಿ ಲಾಡ್ಲೇಸಾಬ ಅಂಗಡಿಗೆ ಬಂದ,
ಕಂಕುಳಾಗ ಅವರಪ್ಪನ ಪದದ ಪುಸ್ತಕ, ಸಕ್ಕರಿ ಚೀಲದ ಬಟ್ಟಿಯೊಳಗ.
“ಸುಗಲಾ, ನಿನ್ನ ಬಿಲ್ಲಿಗೆ ನಂಬರ ಐತೇನ?”
ಐತಿ. ಸಾಲಿಗೆ ರಿಜಿಸ್ಟರ್ ಮಾರಾಕಂತ ತಗೊಂಡಿದ್ದೆ.
ಒಂದು ಸೊಲ್ಲೂ ಹಾಡಾಕ ಬಾರದ ನನಗೊಬ್ಬಾಕಿಗೇ ಐತಿ.

ಶಟರ ಅರ್ಧ ಇಳಿಸಿದ್ವಿ.
ನೂರಾ ಹನ್ನೆರಡು ಪುಟ, ನಲವತ್ತು ಪ್ರತಿ.
ಗುರುಪಾದಪ್ಪ ಪುಟ ತಿರುವಾಂವ, ತಿರುವಿದ್ದು ಹಾಡಾಂವ,
ಮಷೀನು ಕಾದು ನಿಂತಾಗ ಲಾಡ್ಲೇಸಾಬ ಸೊಲ್ಲು ಹಿಡಿಯಾಂವ:
ಕರ್ಬಲಾದ ಕೂಸಿಗೆ ಗುಟುಕು ನೀರಿಲ್ಲ,
ನಮ್ಮ ಬಾವಿಯ ಹಗ್ಗಕ್ಕ ನಾಚಿಕಿ ಬಂದೈತಿ.
ಎಪ್ಪತ್ತನೇ ಪುಟಕ್ಕ ಟೋನರ್ ಸೋತು
ಅಕ್ಷರ ಬೂದಿ ಬಣ್ಣಕ್ಕ ತಿರುಗಿದ್ವು.
ಹಂಗ ಇರಲಿ ಅಂದ್ರು ಇಬ್ಬರೂ, ಅದು ಅಲಾವಿಯ ಪದ ಹೌದಲ್ಲೋ.

ಬೆಳಿಗ್ಗೆ ನೋಡಿದೆ. ಮೂವತ್ತಾರನೇ ಪುಟದ ಅಂಚಿನಾಗ
ಒಂದು ಎಣ್ಣಿ ಬೆರಳು,
ಶೇಂಗಾ ಚಟ್ನಿ ತಿನಕೋತ ಬರೆದಿರಬೇಕು ಆ ಮನಷ್ಯಾ,
ನಲವತ್ತೂ ಪ್ರತಿಯೊಳಗ ಕರ್ರಗ ಮೂಡಿತ್ತು
ಗೆರಿ ಗೆರಿ ಕಾಣೂವಂಗ.
ಭೀಮಶಾನ ಹೆಬ್ಬಟ್ಟು ಒಲ್ಲೆ ಅಂದ ಸಾಹೇಬರು
ಇದನ್ನ ಸಿಕ್ಕಾ ಹೊಡೆದು ಮಂಜೂರ ಮಾಡಿದ್ರು.

ಖರ್ಚು ಏಳು ಸಾವಿರದ ಒಂಬೈನೂರಾ ಇಪ್ಪತ್ತು, ಬೈಂಡಿಂಗ್ ಸಹಿತ.
ಉಳಿದದ್ದು ತಿರುಗಿ ಹೋತು.
ಮರಾಠಿ ಸಾಲಿಯ ಹುಡುಗರು ಬೆರಳಿಟ್ಟು ಓದತಾವ,
ಬಾಯಾಗ ಕನ್ನಡ ಬರತೈತಿ,
ತಾವ ಗಾಬರಿ ಆಗತಾವ.

ಎಂಟು ಹಲಗಿ ಇನ್ನೂ ಉದ್ರಿ.
ಮೊಹರಮ್ಮಿಗೆ ಕೊಡತೀವಂತ ಭೀಮಶಾಗ ಹೇಳೀವಿ.
ಯಾರು ಕೊಡತೀವಿ ಅನ್ನೋದು
ಇನ್ನೂ ಮಾತಾಡಿಲ್ಲ.