ಸಿಂಬಿಯ ಜಾಗ

ಮೊದಲು ಕೂದಲು ನೆನೆಸುತ್ತಾಳೆ ತೆಲ್ಮಾ,
ಆಮೇಲೆ ಒಂದಿಷ್ಟು ಕಂಡಿಷನರು,
ಅಗಲ ಹಲ್ಲಿನ ಬಾಚಣಿಗೆಯಲ್ಲಿ ಹಿಂದಕ್ಕೊತ್ತಿ
ಟೊಪ್ಪಿಗೆ ತೊಡಿಸಿ, ಗದ್ದದಡಿ ಪಟ್ಟಿ ಬಿಗಿದು
‘ಹದಿನೈದು ನಿಮಿಷ ಕಷ್ಟ, ದೋನಾ ದಿಯೊಲಿಂಡಾ,
ಆಮೇಲೆ ಮರಗಟ್ಟುತ್ತೆ’ ಅನ್ನುತ್ತಾಳೆ.

ನನಗೆ ನಗು.
ಹೇಳುತ್ತಿರುವುದು ಯಾರಿಗೆ!
ಹನ್ನೆರಡು ತುಂಬುವ ಮೊದಲೇ ಮಾತುಸಿನ್ಯೋಶ್ ಬಂದರಿನಿಂದ
ಸಾರ್ಡೀನ್ ಬುಟ್ಟಿ ಹೊತ್ತು ನಡೆದವಳು ನಾನು.
ಮಂಜುಗಡ್ಡೆ ಕರಗಿ, ಬುಟ್ಟಿ ಸೋರಿ,
ನೆತ್ತಿಯಿಂದ ಕಿವಿಯ ಹಿಂದೆ, ಅಲ್ಲಿಂದ ರವಿಕೆಯೊಳಗೆ
ಉಪ್ಪುನೀರು ಇಳಿಯುತ್ತಿದ್ದ ದಾರಿಯನ್ನು
ಈಗಲೂ ಬೆರಳಿಟ್ಟು ತೋರಿಸಬಲ್ಲೆ.
ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಬುಟ್ಟಿ.
ನಮ್ಮಲ್ಲಿ ಸಿಂಬಿಗೆ ‘ಅತ್ತೆ’ ಅಂತಲೂ ಹೆಸರು,
ತಲೆ ಮೇಲೆ ಕೂತವಳು ಅಂತ.
(ನನ್ನತ್ತೆ ಪಾಪ ಒಳ್ಳೆಯವಳೇ.
ಸಾಯುವಾಗ ತನ್ನ ತಕ್ಕಡಿ ನನಗೇ ಕೊಟ್ಟಳು.)

ಆದರೂ ಈ ಚಳಿ ಬೇರೆ.
ಬುಟ್ಟಿಯ ಚಳಿ ನನ್ನ ಜೊತೆ ನಡೆಯುತ್ತಿತ್ತು,
ಇದು ಕೂರಿಸಿ ಹಣೆಗೆ ಮೊಳೆ ಹೊಡೆಯುತ್ತದೆ.
ಅರ್ಧ ಗಂಟೆ ಬರೀ ಚಳಿ,
ಕೆಂಪು ಔಷಧಿ ಇನ್ನೂ ಚೀಲದಲ್ಲೇ.
ಔಷಧಿ ಮುಗಿದ ಮೇಲೂ ಒಂದೂವರೆ ಗಂಟೆ.
ತೆಲ್ಮಾ ಬಿಡಿಸಿ ಹೇಳುತ್ತಾಳೆ:
ಚಳಿಗೆ ನೆತ್ತಿಯ ರಕ್ತನಾಳ ಮುದುಡುತ್ತವೆ,
ಕೂದಲ ಬುಡದ ತನಕ ಔಷಧಿ ಅಷ್ಟಾಗಿ ಹೋಗುವುದಿಲ್ಲ,
ಉಳಿದರೆ ಉಳಿಯಿತು, ಖಾತ್ರಿ ಇಲ್ಲ.
ನನಗೆ ತಿಳಿದದ್ದಿಷ್ಟು:
ಆಗೆಲ್ಲ ಬೀದಿಗೆ ಪೊಲೀಸರು ಬಂದರೆ
ಲೈಸೆನ್ಸ್ ಇಲ್ಲದ ನಾವು ಬುಟ್ಟಿ ಸಮೇತ
ಯಾರದೋ ಬಾಗಿಲೊಳಗೆ ಸರಿದು
ಉಸಿರು ಹಿಡಿದು ನಿಲ್ಲುತ್ತಿದ್ದೆವಲ್ಲ,
ಹಾಗೆ, ಅವರು ದಾಟಿಹೋಗುವ ತನಕ
ಕೂದಲು ಬಾಗಿಲ ಹಿಂದೆ.

‘ಈ ವಯಸ್ಸಿಗೆ ಕೂದಲೇಕೆ’ ಅಂದ ಅಳಿಯ ಎವರಿಸ್ತು.
ಅವನು ಮೀನು ಮಾರಿದವನಲ್ಲ.
ಗಿರಾಕಿ ಮೊದಲು ಮೀನಿನ ಕಣ್ಣು ನೋಡುತ್ತಾಳೆ,
ಕಿವಿರೆತ್ತಿ ಕೆಂಪು ನೋಡುತ್ತಾಳೆ,
ಆಮೇಲೆ, ತನಗೇ ಗೊತ್ತಿಲ್ಲದೆ, ನನ್ನ ಮುಖ.
ಸೊರಗಿದವಳ ಕೈಯ ಮೀನು
ತಾಜಾ ಕಂಡದ್ದುಂಟೆ?

ಮೂರನೆಯ ಸಲಕ್ಕೆ ದಿಂಬಿನ ಮೇಲೆ ಒಂದು ಹಿಡಿ.
ನಾಲ್ಕನೆಯ ಸಲ ಬಾಚುತ್ತಿದ್ದ ತೆಲ್ಮಾಳ ಕೈ ನಿಂತಿತು.
ನಡುನೆತ್ತಿಯಲ್ಲಿ ಟೊಪ್ಪಿಗೆ ಕೂರುತ್ತಲೇ ಇರಲಿಲ್ಲ.
ಚಿಕ್ಕ ಸೈಜು ತಂದಳು, ಪಟ್ಟಿ ಇನ್ನೂ ಬಿಗಿದಳು,
ಅಂಗೈಯಿಂದ ಒತ್ತಿ ನೋಡಿದಳು.
ಎಲ್ಲರ ತಲೆ ಗುಂಡಗಾದರೆ
ನನ್ನದು ಮೇಲೆ ಚಪ್ಪಟೆ, ಒಂದು ಬೆರಳು ತಗ್ಗು.
ಮೂವತ್ತು ವರ್ಷ ಬುಟ್ಟಿ ಕೂತ ಜಾಗ.
ಟೊಪ್ಪಿಗೆಗೂ ತಲೆಗೂ ನಡುವೆ ಒಂದು ಉಸಿರಿನಷ್ಟು ಗಾಳಿ,
ಅಷ್ಟೇ ಸಾಕಾಯಿತು.

ಸುತ್ತಲಿನದು ಉಳಿದಿದೆ, ಬೂದಿ ಬಣ್ಣ, ನನ್ನದೇ.
ನಡುವೆ ಬೋಳು, ಸರಿಯಾಗಿ ಒಂದು ಸಿಂಬಿಯಗಲ.
‘ಕ್ಷಮಿಸಿ’ ಅಂದಳು ತೆಲ್ಮಾ ಕಣ್ಣು ತುಂಬಿ,
ತಾನೇ ಕಿತ್ತವಳ ಹಾಗೆ.
ಅಯ್ಯೋ ಹುಡುಗಿ,
ನಿನ್ನ ತಪ್ಪೇನು ಬಂತು,
ಸಾರ್ಡೀನುಗಳನ್ನು ಕೇಳಬೇಕು.

ಶನಿವಾರ ಅಟ್ಟ ಹತ್ತಿ
ಹಳೆಯ ಸಿಂಬಿ ಹುಡುಕಿ ತೆಗೆದೆ.
ಇಲಿ ಒಂದು ಕಡೆ ಕಡಿದಿತ್ತು.
ಕರಿ ವಸ್ತ್ರ ಕಟ್ಟಿ ಅದರ ಮೇಲಿಟ್ಟುಕೊಂಡು
ಮಾರ್ಕೆಟ್ಟಿಗೆ ಹೋದೆ. ಅಳ್ಳಾಡದೆ ಕೂತಿತ್ತು.
‘ಬುಟ್ಟಿ ಎಲ್ಲೇ?’ ಅಂದಳು ಪಕ್ಕದ ಕಟ್ಟೆಯ ಜೆನೊವೇವಾ.
‘ಬುಟ್ಟಿಯ ಕಾಲ ಹೋಯ್ತು ಕಣೇ,
ಅತ್ತೆ ಒಬ್ಬಳೇ ಬಂದಿದ್ದಾಳೆ.’

ಹಸಿರು ಕೋಟಿನ ಗಿರಾಕಿ ಬಂಗುಡೆಯ ಕಿವಿರೆತ್ತಿದಳು.
ಕಣ್ಣು ಒತ್ತಿದಳು.
ಆಮೇಲೆ ನನ್ನ ಮುಖ ನೋಡಿದಳು,
ನೋಡಿಯೇ ನೋಡಿದಳು.
‘ಒಂದು ಕಿಲೋ’ ಅಂದಳು.
ಮಂಜುಗಡ್ಡೆ ಸರಿಸಿ
ಅಡಿಯಲ್ಲಿದ್ದ ಒಳ್ಳೆಯದನ್ನು ತೆಗೆದೆ.